ವಂದನಾರ್ಪಣೆಯವರ ಉಸಿರು

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದು ಅವರಿಗೆ ಒಂದಿಷ್ಟೂ ಹಿಡಿಸುತ್ತಿರಲಿಲ್ಲ. ಮನುಷ್ಯನಿಗೆ ಹೆಸರಿಟ್ಟಿರುವುದೇ ಹೇಳಲಿಕ್ಕೆ, ಹೇಳುವುದಾದರೆ ಇನಿಷಿಯಲ್ ಸಮೇತ ಪೂರ್ತಿ ಹೇಳಬೇಕು ಎನ್ನುವುದು ಅವರ ಹಟ. ಆದರೆ ಬರೆಯುವ ಮೊದಲು ಉಡುಪಿಗೆ ಫೋನ್ ಮಾಡಿ ಅವರ ಹೆಂಡತಿಯನ್ನು ಕೇಳಿದೆ. "ಬರೀರಿ, ಬೇಡ ಅನ್ನುದಿಲ್ಲ. ಹೆಸರು ಮಾತ್ರ ಹಾಕ್ಬೇಡಿ. ನೀವು ಒಮ್ಮೆ ಹೇಳಿದ್ದೀರಲ್ಲ, ಅಷ್ಟು ಸಾಕು" ಎಂದರು. ಆ ಒಮ್ಮೆಯ ವಿಷಯ ಕೊನೆಯಲ್ಲಿ ಬರುತ್ತದೆ.

ಬಹರೈನ್‌ನಲ್ಲಿ ನಮ್ಮ ಕನ್ನಡಿಗರ ಒಂದು ಸಣ್ಣ ಕೂಟವಿದೆ. ವರ್ಷಕ್ಕೆ ನಾಲ್ಕಾರು ಕಾರ್ಯಕ್ರಮ ನಡೆಯುತ್ತವೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಮಕ್ಕಳ ಡಾನ್ಸು, ಅಧ್ಯಕ್ಷರ ಮಾತು, ಊರಿನಿಂದ ಕರೆಸಿದ ಅತಿಥಿಯ ಮಾತು, ಶಾಲು ಹೊದಿಸುವುದು, ಮತ್ತೆ ಮಕ್ಕಳ ಡಾನ್ಸು, ಎಲ್ಲ ಮುಗಿದ ಮೇಲೆ ವಂದನಾರ್ಪಣೆ. ಈ ಕೊನೆಯದು ಅವರದ್ದು. ಅಧ್ಯಕ್ಷರು ಬದಲಾದರು, ಕಾರ್ಯದರ್ಶಿಗಳು ಜಗಳವಾಡಿ ಬೇರೆ ಕೂಟ ಕಟ್ಟಿಕೊಂಡು ಮತ್ತೆ ವಾಪಸು ಬಂದರು, ಡಾನ್ಸು ಮಾಡಿದ ಮಕ್ಕಳು ತಮ್ಮ ಮಕ್ಕಳನ್ನು ಡಾನ್ಸಿಗೆ ಕರೆತಂದರು. ವಂದನಾರ್ಪಣೆ ಮಾತ್ರ ಅವರೇ ಮಾಡಿದರು. ಹೊಸಬರು ಅವರನ್ನು ವಂದನಾರ್ಪಣೆಯವರು ಎಂದೇ ಗುರುತಿಸುತ್ತಿದ್ದರು. ಮೀನಾ ಸಲ್ಮಾನ್ ಬಂದರಿನಲ್ಲಿ ಹಡಗಿನ ಬಿಡಿಭಾಗಗಳ ಗೋದಾಮೊಂದರ ಉಸ್ತುವಾರಿ ಅವರ ಹೊಟ್ಟೆಪಾಡಿನ ಕೆಲಸ ಎಂಬುದು ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ.

ನಾನು ತುಮಕೂರಿನವನು, ಇಲ್ಲೊಂದು ವಿಮಾ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ, ಗುಫೂಲ್‌ನಲ್ಲಿ ಮನೆ. ಸಭೆ ಸಮಾರಂಭ ಎಂದರೆ ನನಗೆ ಅಷ್ಟಕ್ಕಷ್ಟೆ. ಹೆಂಡತಿಯ ಒತ್ತಾಯಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಬಾಗಿಲ ಪಕ್ಕ ಕೂರುತ್ತಿದ್ದೆ. "ಈಗ ವಂದನಾರ್ಪಣೆ" ಎಂದು ನಿರೂಪಕಿ ಹೇಳಿದ್ದೇ ತಡ, ಸಭೆಗೆ ಸಭೆಯೇ ಏಳುತ್ತಿತ್ತು. ಕುರ್ಚಿ ಎಳೆಯುವ ಸದ್ದು, ಮಕ್ಕಳನ್ನು ಕೂಗುವ ಸದ್ದು, ತಟ್ಟೆಗಳ ಸದ್ದು. ಇವೆಲ್ಲದರ ನಡುವೆ ಅವರು ಖಾಲಿಯಾಗುತ್ತಿರುವ ಕುರ್ಚಿಗಳ ಕಡೆ ನೋಡುತ್ತ, ಕೈಯಲ್ಲಿ ಚೀಟಿಯಿಲ್ಲದೆ, ಒಂದೇ ಸಮನೆ ಹೆಸರುಗಳನ್ನು ಹೇಳುತ್ತ ಹೋಗುತ್ತಿದ್ದರು. ನಾವು ಸಾರಿಗೆ ಅನ್ನ ಕಲಸುವ ಹೊತ್ತಿಗೂ ಒಳಗಿನಿಂದ ಅವರ ದನಿ ಬರುತ್ತಲೇ ಇರುತ್ತಿತ್ತು. ಹೆಸರು ಹೇಳಿಸಿಕೊಂಡವನು ನನ್ನ ಪಕ್ಕದಲ್ಲೇ ಕೋಳಿ ಕಾಲು ಚೀಪುತ್ತಿರುತ್ತಿದ್ದ.

ಬೇರೆಯವರಾಗಿದ್ದರೆ "ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ ಸಹಕರಿಸಿದ ಎಲ್ಲರಿಗೂ" ಎಂದು ಒಂದೇ ಮಾತಿನಲ್ಲಿ ಮುಗಿಸಿ ಊಟಕ್ಕೆ ಬರುತ್ತಿದ್ದರು. ಅವರು ಆ ಮಾತನ್ನು ಒಮ್ಮೆಯೂ ಬಳಸಲಿಲ್ಲ. ಯಾರೋ ಅದನ್ನು ಸಲಹೆ ಮಾಡಿದಾಗ, "ಪರೋಕ್ಷ ಅಂದ್ರೆ ಯಾರು ಮಾರಾಯ್ರೆ? ಅವರಿಗೆ ಹೆಸರಿಲ್ವಾ? ತಾಯಿ ತಂದೆ ಇಟ್ಟದ್ದಿಲ್ವಾ?" ಎಂದು ಕೇಳಿದ್ದರಂತೆ. ಸಲಹೆ ಮಾಡಿದವರಿಗೆ ಹಸಿವಾಗಿತ್ತು, ಊಟದ ಸಾಲಿಗೆ ಹೋದರು.

ವಂದನಾರ್ಪಣೆ ಮಾಡುವವರಿಗೆ ವಂದನೆ ಹೇಳಲು ಕಾರ್ಯಕ್ರಮದಲ್ಲಿ ಜಾಗವಿರುವುದಿಲ್ಲ. ಅವರ ನಂತರ ವೇದಿಕೆಗೆ ಬರುವವನು ಮೈಕ್ ಕಳಚುವವನು.

ಹೀಗಿರುವಾಗ ಆ ಕಾಯಿಲೆ ಬಂತು. ಅದರ ಹೆಸರು ಎಲ್ಲರಿಗೂ ಗೊತ್ತಿದೆ, ಅದನ್ನು ಇನಿಷಿಯಲ್ ಸಮೇತ ಹೇಳುವ ಅಗತ್ಯವಿಲ್ಲ. ನನಗೂ ಬಂತು, ಅವರಿಗೂ ಬಂತು. ನಾನು ವಾರ್ಡಿನಲ್ಲಿ ಮಲಗಿ ಗಂಜಿ ರುಚಿಯಿಲ್ಲ ಎಂದು ಸಿಡಿಮಿಡಿಗೊಂಡು ಮನೆಗೆ ಬಂದೆ. ಅವರು ಐಸಿಯುನಲ್ಲಿ ವಾರಗಟ್ಟಲೆ ಬೋರಲಾಗಿ ಮಲಗಿದ್ದರು. ಬೋರಲು ಮಲಗಿಸಿದರೆ ಶ್ವಾಸಕೋಶಕ್ಕೆ ಗಾಳಿ ಸ್ವಲ್ಪ ಹೆಚ್ಚು ಹೋಗುತ್ತದೆಯಂತೆ. ಅವರು ಉಳಿಯುವುದಿಲ್ಲ ಎಂದು ಕೂಟದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೂ ಬರೆಯಲಿಲ್ಲ. ಆದರೆ ಎಲ್ಲರೂ ಅವರ ಬಗ್ಗೆ ತುಂಬ ಒಳ್ಳೆಯ ಮಾತುಗಳನ್ನು ಬರೆಯತೊಡಗಿದ್ದರು, ಅದರಿಂದ ಪರಿಸ್ಥಿತಿ ಗಂಭೀರವಾಗಿದೆ ಎಂದು ತಿಳಿಯುತ್ತಿತ್ತು.

ಅವರು ಉಳಿದರು. ಕೆಲವು ತಿಂಗಳ ನಂತರ ನಾವಿಬ್ಬರೂ ಒಂದೇ ಆಸ್ಪತ್ರೆಯ ಒಂದೇ ಕೋಣೆಯಲ್ಲಿ ಅಕ್ಕಪಕ್ಕದ ಸೈಕಲ್‌ಗಳ ಮೇಲೆ ಕೂತಿದ್ದೆವು. ಕಾಯಿಲೆ ಹೋದರೂ ನನಗೆ ಒಂದು ಮಹಡಿ ಹತ್ತಿದರೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅವರಿಗೆ ಮಹಡಿ ಬೇಡ, ಅಂಗಿ ಹಾಕಿಕೊಂಡರೆ ಸಾಕಾಗಿತ್ತು. ಇಂಥವರ ಹೃದಯವನ್ನೂ ಶ್ವಾಸಕೋಶವನ್ನೂ ಮತ್ತೆ ಕೆಲಸಕ್ಕೆ ಹಚ್ಚುವ ತರಗತಿ ಅದು. ಓಡದ ಸೈಕಲ್, ಎಲ್ಲಿಗೂ ಮುಟ್ಟಿಸದ ಟ್ರೆಡ್‌ಮಿಲ್, ಊದುವ ಬದಲು ಉಸಿರೆಳೆದು ಚೆಂಡು ಮೇಲೇರಿಸುವ ಪ್ಲಾಸ್ಟಿಕ್ ಡಬ್ಬಿ, ಕೈಗೆ ಕಟ್ಟುವ ರಬ್ಬರ್ ಪಟ್ಟಿ. ದೊಡ್ಡವರಾಗಿ, ಸಂಬಳ ತಂದು, ಮನೆ ಕಟ್ಟಿಸಿದ ಗಂಡಸರೆಲ್ಲ ಅಲ್ಲಿ ಮೂರು ಚೆಂಡನ್ನು ಮೇಲೇರಿಸಲಾಗದೆ ಮುಖ ಕೆಂಪಾಗಿಸಿಕೊಂಡು ಕೂರುತ್ತಿದ್ದೆವು.

ತರಗತಿ ನಡೆಸುತ್ತಿದ್ದವಳು ಮಂಗಳೂರು ಕಡೆಯ ಕ್ರಿಶ್ಚಿಯನ್ ಹೆಣ್ಣುಮಗಳು, ಫಿಸಿಯೋಥೆರಪಿಸ್ಟ್. ಕುಳ್ಳಗೆ, ಗಟ್ಟಿ ದನಿ. ನಗುತ್ತಿರಲಿಲ್ಲ, ಅಥವಾ ಮಾಸ್ಕಿನ ಹಿಂದೆ ನಗುತ್ತಿದ್ದಳೋ ಏನೋ. ಅವರು ಮೊದಲ ದಿನವೇ ಅವಳನ್ನು "ಡಾಕ್ಟ್ರೇ" ಎಂದರು.

"ಅಂಕಲ್, ನಾನು ಡಾಕ್ಟ್ರಲ್ಲ. ಫಿಸಿಯೋ."

"ಸರಿ ಡಾಕ್ಟ್ರೇ."

"ಮೂಗಿನಿಂದ ಎಳ್ಕೊಳ್ಳಿ. ಬಾಯಿ ಸಣ್ಣ ಮಾಡಿ ನಿಧಾನ ಬಿಡಿ. ಬಿಸಿ ಚಾ ಆರಿಸ್ತೀರಲ್ಲ, ಹಾಗೆ. ಹೂಂ, ಬಿಡಿ. ಎಂತಕ್ಕೆ ಹಿಡ್ಕೊಂಡಿದ್ದೀರಿ? ಯಾರಿಗೆ ಇಟ್ಟದ್ದು ಅದು? ಬಿಡಿ."

ಅವಳ ಮಾತೆಲ್ಲ ಹೀಗೆಯೇ. ನಮಗೆ ಉಸಿರು ತೆಗೆದುಕೊಳ್ಳುವುದು ಗೊತ್ತು, ಬಿಡುವುದು ಗೊತ್ತಿಲ್ಲ ಎಂದು ಅವಳ ತೀರ್ಮಾನ.

ವ್ಯಾಯಾಮದ ನಡುವೆ ಅವಳು ಒಬ್ಬೊಬ್ಬರನ್ನೇ ಕೇಳುತ್ತ ಬರುತ್ತಿದ್ದಳು. ಏದುಸಿರು ಎಷ್ಟಿದೆ, ಸೊನ್ನೆಯಿಂದ ಹತ್ತರೊಳಗೆ ಹೇಳಿ ಎಂದು. ಈ ಪ್ರಶ್ನೆಯನ್ನು ಕಂಡುಹಿಡಿದವರು ನಮ್ಮಂಥವರನ್ನು ನೋಡಿರಲಿಕ್ಕಿಲ್ಲ. ಊರಿಗೆ ಫೋನ್ ಮಾಡಿದಾಗಲೆಲ್ಲ ಆರಾಮಿದ್ದೇನೆ ಎಂದು ಹೇಳಿ ಹೇಳಿ ನಮ್ಮ ಬಾಯಿಗೆ ಬೇರೆ ಮಾತೇ ಬರುತ್ತಿರಲಿಲ್ಲ. ನಾನು "ಪರವಾಗಿಲ್ಲ" ಎಂದೆ. ಅದು ಎಷ್ಟು ಎಂದು ಅವಳು ಕೇಳಿದಳು. ಅವರ ಸರದಿ ಬಂದಾಗ ಅವರು ಸೈಕಲ್ ನಿಲ್ಲಿಸಿ, ತುಟಿ ನೀಲಿಯಾಗುತ್ತಿದ್ದರೂ, "ತುಂಬಾ ಚೆನ್ನಾಗಿ... ಉಂಟು... ಕೇಳಿದ್ದಕ್ಕೆ... ಧನ್ಯವಾದ" ಎಂದರು. ಅವಳು ಬೆರಳಿಗೆ ಸಿಕ್ಕಿಸಿದ ಆಮ್ಲಜನಕದ ಕ್ಲಿಪ್ ನೋಡಿ ಅವರನ್ನು ಕುರ್ಚಿಗೆ ಕೂರಿಸಿದಳು.

"ಅಂಕಲ್, ಇವತ್ತಿನಿಂದ ಇಲ್ಲಿ ಥ್ಯಾಂಕ್ಸ್ ಬಂದ್. ಖಲ್ಲಾಸ್. ನಿಮ್ಮ ಉಸಿರೆಲ್ಲ ಅದರಲ್ಲೇ ಹೋಗ್ತದೆ."

ಅವರು ತಲೆಯಾಡಿಸಿದರು. ನೀರು ತಂದುಕೊಟ್ಟ ನರ್ಸಿಗೆ ಕೈ ಮುಗಿದರು. ಕೈ ಮುಗಿಯುವುದೂ ಬೇಡ ಎಂದಳು, ಕೈ ಎತ್ತಿದರೂ ಆಮ್ಲಜನಕ ಖರ್ಚಾಗುತ್ತದೆ.

ತರಗತಿಯಲ್ಲಿ ಒಬ್ಬ ಬಹರೈನಿ ಹಿರಿಯರಿದ್ದರು. ನಾವೆಲ್ಲ ಹಾಜಿ ಎನ್ನುತ್ತಿದ್ದೆವು, ಹಿಂದಿಯನ್ನು ನನಗಿಂತ ಚೆನ್ನಾಗಿ ಆಡುತ್ತಿದ್ದರು. ಅವರೂ ಮರ್ಯಾದೆಯ ಮನುಷ್ಯ. ಹಾಜಿಯೂ ನಮ್ಮ ವಂದನಾರ್ಪಣೆಯವರೂ ಬಾಗಿಲಲ್ಲಿ ಎದುರಾದರೆ ಮುಗಿಯಿತು. ಹಾಜಿ ಇವರ ಆರೋಗ್ಯ ಕೇಳುವರು, ಮನೆಯವರ ಆರೋಗ್ಯ ಕೇಳುವರು, ಮಕ್ಕಳದ್ದು, ಊರಿನಲ್ಲಿರುವವರದ್ದು ಕೇಳುವರು. ಇವರು ಪ್ರತಿಯೊಂದಕ್ಕೂ ಅರಬಿಯಲ್ಲಿ ಶುಕ್ರನ್ ಎಂದು ಧನ್ಯವಾದ ಹೇಳಿ, ಅಷ್ಟೇ ಪ್ರಶ್ನೆಗಳನ್ನು ವಾಪಸು ಕೇಳುವರು. ಒಂದು ಬೆಳಿಗ್ಗೆ ವ್ಯಾಯಾಮ ಶುರುವಾಗುವ ಮೊದಲೇ ಇಬ್ಬರೂ ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತ ನಿಂತಿದ್ದರು. ಕುಶಲ ವಿಚಾರಿಸಿಯೇ ಇಬ್ಬರ ಕುಶಲವೂ ಕೆಟ್ಟಿತ್ತು. ಅಂದಿನಿಂದ ಫಿಸಿಯೋ ಅವರಿಬ್ಬರ ಸೈಕಲ್‌ಗಳ ನಡುವೆ ನನ್ನನ್ನು ಕೂರಿಸಿದಳು. ನಾನು ಯಾರ ಯೋಗಕ್ಷೇಮವನ್ನೂ ವಿಚಾರಿಸುವವನಲ್ಲ ಎಂದು ಅವಳಿಗೆ ಬೇಗ ಅರ್ಥವಾಗಿತ್ತು.

ನಡಿಗೆಯ ಪಾಠದಲ್ಲಿ ವಂದನಾರ್ಪಣೆಯವರ ಮೇಲೆ ಇನ್ನೊಂದು ದೂರು. ಕಾರಿಡಾರಿನಲ್ಲಿ ನಡೆಯುವಾಗ ತಲೆ ಎತ್ತಿ, ಎದೆ ಬಿಚ್ಚಿ ನಡೆಯಬೇಕು. ಅವರು ಮಾತ್ರ ನೆಲ ನೋಡಿಕೊಂಡೇ ನಡೆಯುತ್ತಿದ್ದರು. "ಅಂಕಲ್, ತಲೆ ಮೇಲೆ" ಎಂದು ಅವಳು ಕೂಗಿದಾಗ ಎತ್ತುವರು, ಎದುರಿನಿಂದ ಯಾರಾದರೂ ಬಂದರೆ ಮತ್ತೆ ಬಗ್ಗಿಸುವರು. ಕತ್ತಿನ ನರದ ತೊಂದರೆ ಇರಬಹುದು ಎಂದು ಅವಳು ಕತ್ತಿಗೂ ಬೇರೆ ವ್ಯಾಯಾಮ ಹೇಳಿಕೊಟ್ಟಳು. ಅದನ್ನೂ ನಿಷ್ಠೆಯಿಂದ ಮಾಡಿದರು. ನಡೆಯುವಾಗ ಮತ್ತೆ ನೆಲವೇ.

ಕೊನೆಗೆ ಒಂದು ದಿನ ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದಾಗ ನಾನೇ ಕೇಳಿದೆ, ಏನು ಹುಡುಕುತ್ತಿದ್ದೀರಿ ಎಂದು.

"ಚಪ್ಪಲಿ" ಎಂದರು.

ಸ್ವಲ್ಪ ಸ್ವಲ್ಪವಾಗಿ ಹೇಳಿದರು. ಒಂದು ವಾಕ್ಯ, ಒಂದು ಉಸಿರು. ಐಸಿಯುನಲ್ಲಿ ಬೋರಲಾಗಿ ಮಲಗಿದ್ದಾಗ ಅವರಿಗೆ ಕಾಣುತ್ತಿದ್ದದ್ದು ಮಂಚದ ಅಂಚಿನ ಕೆಳಗಿನ ಒಂದು ತುಂಡು ನೆಲ ಮಾತ್ರ. ಬಂದುಹೋಗುವವರೆಲ್ಲ ತಲೆಯಿಂದ ಕಣಕಾಲಿನವರೆಗೆ ಬಿಳಿ ಅಂಗಿ ಹಾಕಿದವರು, ಮುಖವಿರಲಿ, ಗಂಡೋ ಹೆಣ್ಣೋ ಎನ್ನುವುದೂ ತಿಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಉಸಿರು ಸಿಗದೆ, ಇನ್ನು ಸಾಕು ಎಂದು ಅವರಿಗೇ ಅನಿಸಿಬಿಟ್ಟಿತಂತೆ. ಆಗ ಯಾರೋ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಅವರ ಕೈ ಹಿಡಿದುಕೊಂಡು, ಯಂತ್ರಗಳ ಸದ್ದಿನ ನಡುವೆ "ಚಾಚಾ, ಸಾಂಸ್ ಛೋಡೋ. ಛೋಡೋ ಚಾಚಾ" ಎಂದು, ಉಸಿರು ಬಿಡಿ ಎಂದು, ಹಿಂದಿಯಲ್ಲಿ ಹೇಳುತ್ತಲೇ ಇದ್ದರು. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಕಿಟಕಿಯ ಬಿಸಿಲು ನೆಲದ ಮೇಲಿನಿಂದ ಸರಿದು ಹೋಗುವವರೆಗೂ. ಅವರಿಗೆ ಕಂಡದ್ದು ನೀಲಿ ರಬ್ಬರ್ ಚಪ್ಪಲಿ. ಎಡಗಾಲಿನದ್ದರ ಪಟ್ಟಿ ಹರಿದಿತ್ತು, ಅದನ್ನು ಗಾಯ ಹೊಲಿಯುವ ಕಪ್ಪು ದಾರದಲ್ಲಿ ಹೊಲಿದಿದ್ದರು.

"ಹೆಸರು ಕೇಳ್ಲಿಕ್ಕೆ... ಆಗ್ಲಿಲ್ಲ ಮಾರಾಯ್ರೆ. ಬಾಯಿಯಲ್ಲಿ ಮಾಸ್ಕು. ಹೆಸರಿಲ್ಲದೆ... ನಾನು ಎಂತ ಹೇಳುದು ಸ್ಟೇಜಿನಲ್ಲಿ?"

ನನಗೆ ಆಗ ಅರ್ಥವಾಯಿತು. ಕೂಟದವರು ಕಾಯಿಲೆಯ ನಂತರದ ಮೊದಲ ಕಾರ್ಯಕ್ರಮಕ್ಕೆ ತಯಾರಿ ನಡೆಸಿದ್ದರು. ಆ ಕಷ್ಟದ ದಿನಗಳಲ್ಲಿ ಮನೆಮನೆಗೆ ಊಟ, ಔಷಧಿ ಮುಟ್ಟಿಸಿದವರಿಗೆಲ್ಲ ಅಲ್ಲಿ ಗೌರವ. ವಂದನಾರ್ಪಣೆಗೆ ಬೇರೆಯವರನ್ನು ನೋಡೋಣವೇ ಎಂದು ಕಾರ್ಯದರ್ಶಿ ಮೆಲ್ಲಗೆ ಕೇಳಿದ್ದಕ್ಕೆ ಇವರು ಬೇಡ, ನಾನೇ ಮಾಡುತ್ತೇನೆ ಎಂದಿದ್ದರು. ಮೊದಲಿನಂತೆ, ಚೀಟಿಯಿಲ್ಲದೆ, ಎಲ್ಲ ಹೆಸರುಗಳನ್ನೂ ಹೇಳಿ. ತಮ್ಮನ್ನು ಉಳಿಸಿದವರ ಹೆಸರನ್ನೇ ಬಿಟ್ಟು ಉಳಿದವರದ್ದು ಹೇಳುವುದು ಅವರಿಂದ ಆಗದ ಕೆಲಸ.

ಫಿಸಿಯೋ ಹುಡುಗಿಗೆ ನಾನು ವಿಷಯ ಹೇಳಿದೆ. ಅವಳು ಕತ್ತಿನ ವ್ಯಾಯಾಮ ನಿಲ್ಲಿಸಿದಳು. ಅಲ್ಲಿ ಇಲ್ಲಿ ವಿಚಾರಿಸಿದಳು. ಆಗ ಗೊತ್ತಾದದ್ದು ಇಷ್ಟು: ನೀಲಿ ಚಪ್ಪಲಿಯನ್ನು ಆಸ್ಪತ್ರೆಯವರೇ ಆ ವಾರ್ಡಿನ ನರ್ಸು, ಆಯಾ, ಕ್ಲೀನರ್ ಎಲ್ಲರಿಗೂ ಕೊಟ್ಟಿದ್ದರು. ಅವರಲ್ಲಿ ಎಷ್ಟೋ ಜನ ಬೇರೆ ಕಡೆಯಿಂದ ತಾತ್ಕಾಲಿಕವಾಗಿ ಬಂದವರು, ಕರಾರು ಮುಗಿಸಿ ಕೇರಳಕ್ಕೋ, ನೇಪಾಳಕ್ಕೋ, ಢಾಕಾಕ್ಕೋ, ಲಾಹೋರಿಗೋ ಹೋಗಿಯಾಗಿತ್ತು. ಹರಿದ ಚಪ್ಪಲಿ ಹೊಲಿದುಕೊಂಡವರು ಯಾರು ಎಂದು ಬರೆದಿಡುವ ಪದ್ಧತಿ ಯಾವ ಆಸ್ಪತ್ರೆಯಲ್ಲೂ ಇಲ್ಲ.

"ಸಿಗ್ಲಿಕ್ಕಿಲ್ಲ ಅಂಕಲ್" ಎಂದಳು. "ನೀವು ಒಂದು ಕೆಲಸ ಮಾಡಿ. ಸ್ಟೇಜಿನಲ್ಲಿ ಪ್ರತ್ಯಕ್ಷವಾಗಿ, ಪರೋಕ್ಷವಾಗಿ ಅಂತ ಹೇಳ್ತಾರಲ್ಲ, ಹಾಗೆ ಹೇಳಿಬಿಡಿ."

ಅವರು ಸೈಕಲ್‌ನಿಂದ ಇಳಿದರು. ಬೆರಳಿನ ಕ್ಲಿಪ್ ತೆಗೆದು ಮೇಜಿನ ಮೇಲಿಟ್ಟರು. ಮುಂದಿನ ಎರಡು ತರಗತಿಗೆ ಬರಲಿಲ್ಲ.

ನಾನು ಅವರ ಮನೆಗೆ ಹೋದೆ. ಹೆಂಡತಿ ಬಾಗಿಲು ತೆರೆದರು. ಅವರು ಹಜಾರದಲ್ಲಿ ಟಿವಿಯ ಎದುರು ಕೂತಿದ್ದರು, ಟಿವಿ ಆಫ್ ಆಗಿತ್ತು. "ನನ್ನ ಹತ್ರ ಮಾತಾಡುದಿಲ್ಲ, ಉಸಿರು ಉಳಿಸ್ತಾರಂತೆ" ಎಂದರು ಆಕೆ. "ಮೂವತ್ತು ವರ್ಷದಿಂದ ನೀರು ಕೊಟ್ಟದ್ದಕ್ಕೆ ಒಂದು ಥ್ಯಾಂಕ್ಸ್ ಇಲ್ಲ ನನಗೆ. ಹಾಗಾಗಿ ಇವರ ಉಸಿರಿಗೆ ನನ್ನಿಂದ ಖರ್ಚಿಲ್ಲ."

ನಾನು ಸಮಾಧಾನ ಮಾಡುವುದರಲ್ಲಿ ಸೊನ್ನೆ. ಹತ್ತರೊಳಗೆ ಹೇಳುವುದಾದರೂ ಸೊನ್ನೆ. ಏನೋ ಹೇಳಬೇಕಲ್ಲ ಎಂದು, "ಹೆಸರು ಗೊತ್ತಿಲ್ಲದಿದ್ದರೆ ಗೊತ್ತಿರೋದನ್ನ ಹೇಳಿ ಸಾರ್. ಚಪ್ಪಲಿ ಗೊತ್ತಲ್ಲ" ಎಂದೆ. ಅವರು ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ಮರುದಿನ ತರಗತಿಗೆ ಬಂದಿದ್ದರು.

ಆಮೇಲಿನ ಕೆಲಸವೆಲ್ಲ ವೇದಿಕೆಗಾಗಿ. ಫಿಸಿಯೋ ಅವರ ವಂದನಾರ್ಪಣೆಯನ್ನೇ ವ್ಯಾಯಾಮ ಮಾಡಿಬಿಟ್ಟಳು. ಮೊದಲು ಕೂತು ಹೇಳುವುದು, ಆಮೇಲೆ ನಿಂತು, ಆಮೇಲೆ ನಿಧಾನ ನಡೆಯುತ್ತ. ಥ್ಯಾಂಕ್ಸ್ ಮೇಲಿನ ನಿಷೇಧ ತೆರವಾಯಿತು. ಒಂದು ಉಸಿರಿಗೆ ಒಂದು ಹೆಸರು, ನಂತರ ನಿಲ್ಲಬೇಕು, ಮೂಗಿನಿಂದ ಎಳೆಯಬೇಕು, ಚಾ ಆರಿಸಬೇಕು, ಆಮೇಲೆ ಮುಂದಿನ ಹೆಸರು. ನಮ್ಮ ಕರಾವಳಿಯವರ ಹೆಸರುಗಳೇನು ಚಿಕ್ಕವೇ? ಊರಿನ ಹೆಸರು, ತಂದೆಯ ಹೆಸರು, ಸ್ವಂತ ಹೆಸರು, ಮನೆತನದ ಹೆಸರು. ಪ್ರಾಯೋಜಕರ ಕಂಪನಿಗಳ ಹೆಸರಂತೂ ಒಂದು ಆಕ್ಸಿಜನ್ ಸಿಲಿಂಡರಿಗೂ ಬಗ್ಗುವಂಥವಲ್ಲ.

"ಇನಿಷಿಯಲ್ ಬಿಡಿ ಅಂಕಲ್" ಎಂದಳು ಅವಳು.

"ಇನಿಷಿಯಲ್ ಅಂದ್ರೆ ಅವರ ಅಪ್ಪ ಡಾಕ್ಟ್ರೇ. ಅಪ್ಪನನ್ನು ಬಿಡ್ಲಿಕ್ಕೆ ಆಗ್ತದಾ?"

ಹಾಜಿ ಸೈಕಲ್ ತುಳಿಯುತ್ತಲೇ ಈ ಅಭ್ಯಾಸವನ್ನೆಲ್ಲ ಕೇಳಿಸಿಕೊಂಡು, ಯಾರಿಗೋ ಸತ್ತವರಿಗೆ ಪ್ರಾರ್ಥನೆಯೇ ಎಂದು ನನ್ನನ್ನು ವಿಚಾರಿಸಿದರು. ಅಲ್ಲ, ಬದುಕಿರುವವರಿಗೆ ಎಂದೆ. ಒಳ್ಳೆಯದು, ಅದನ್ನು ಯಾರೂ ಮಾಡುವುದಿಲ್ಲ ಎಂದರು.

ಕಾರ್ಯಕ್ರಮದ ದಿನ ಬಂತು. ಬಾಡಿಗೆ ಸಭಾಂಗಣ, ಅದ್ಲಿಯಾ ಬಡಾವಣೆಯ ಹೋಟೆಲೊಂದರಿಂದ ಊಟ. ಫಿಸಿಯೋ ಮೊದಲ ಸಾಲಿನಲ್ಲಿ, ಚೀಲದಲ್ಲಿ ಕ್ಲಿಪ್ ಇಟ್ಟುಕೊಂಡು ಕೂತಿದ್ದಳು. ನಾನು ಜೀವಮಾನದಲ್ಲಿ ಮೊದಲ ಬಾರಿ ಅವಳ ಪಕ್ಕ, ಮೊದಲ ಸಾಲಿನಲ್ಲಿ. ಮೆಟ್ಟಿಲು ಹತ್ತಿದ ದಣಿವು ಇಳಿಯಲಿ ಎಂದು ಅವರನ್ನು ಮೊದಲೇ ವೇದಿಕೆಯ ಹಿಂಬದಿಯ ಕುರ್ಚಿಯಲ್ಲಿ ಕೂರಿಸಿದ್ದೆವು.

"ಈಗ ವಂದನಾರ್ಪಣೆ" ಎಂದಳು ನಿರೂಪಕಿ. ಸಭೆ ಎದ್ದಿತು. ಕಾಯಿಲೆ ಬಂದುಹೋದರೂ ಆ ಅಭ್ಯಾಸ ಹೋಗಿರಲಿಲ್ಲ.

ಅವರು ಮೈಕಿನ ಮುಂದೆ ಬಂದು ನಿಂತರು. ಅಧ್ಯಕ್ಷರ ಹೆಸರನ್ನು ತಂದೆಯ ಸಮೇತ ಹೇಳಿ, ವಂದನೆ ಹೇಳಿ, ನಿಲ್ಲಿಸಿದರು. ಮೂಗಿನಿಂದ ಉಸಿರೆಳೆದರು. ಬಾಗಿಲ ಕಡೆ ಹೊರಟಿದ್ದ ಜನಕ್ಕೆ ಮಾತು ನಿಂತದ್ದು ಕೇಳಿಸಿತು. ಮುಗಿಯಿತು ಎಂದುಕೊಂಡರು. ಇಷ್ಟು ಬೇಗ ಮುಗಿಸಿದ್ದಾರೆ, ಪಾಪ ಎಂದು ಎಲ್ಲರೂ ನಿಂತಲ್ಲೇ ಜೋರಾಗಿ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯುವ ಹೊತ್ತಿಗೆ ಅವರ ಉಸಿರು ಸಿದ್ಧವಾಗಿತ್ತು. ಕಾರ್ಯದರ್ಶಿಯ ಹೆಸರು ಹೇಳಿದರು. ನಿಂತರು. ಈಗ ಮುಗಿಯಿತು ಎಂದು ಜನ ಮತ್ತೆ ಚಪ್ಪಾಳೆ ತಟ್ಟಿದರು.

ಹೀಗೆ ಶುರುವಾದದ್ದು. ಊಟ ಹಂಚಿದ ಹುಡುಗರ ಹೆಸರಿಗೆ, ಔಷಧಿ ಮುಟ್ಟಿಸಿದ ಟ್ಯಾಕ್ಸಿ ಓಡಿಸುವವರ ಹೆಸರಿಗೆ, ಕುರ್ಚಿ ಜೋಡಿಸಿದವರ ಹೆಸರಿಗೆ, ಒಬ್ಬೊಬ್ಬರಿಗೂ ಒಂದೊಂದು ಚಪ್ಪಾಳೆ. ಮೂವತ್ತು ವರ್ಷ ಉಸಿರು ಗಟ್ಟಿಯಿದ್ದಾಗ ಅವರು ಹೇಳಿದ ಹೆಸರುಗಳಿಗೆ ಒಂದು ಚಪ್ಪಾಳೆಯೂ ಬಿದ್ದಿರಲಿಲ್ಲ. ಹೋಗಬೇಕೋ ಇರಬೇಕೋ ತಿಳಿಯದೆ ಜನ ಒಬ್ಬೊಬ್ಬರಾಗಿ ವಾಪಸು ಬಂದು ಕೂತರು. ಹೊರಗೆ ತಟ್ಟೆ ಹಿಡಿದಿದ್ದವರೂ ತಮ್ಮ ಹೆಸರು ಬರಬಹುದೆಂದು ಒಳಗೆ ಬಂದರು. ಮೈಕಿನವನ ಹೆಸರು ಬಂದಾಗ ಅವನು ತನಗೇ ಚಪ್ಪಾಳೆ ತಟ್ಟಿಕೊಂಡ, ಅದು ಮೈಕಿನಲ್ಲಿ ಕೇಳಿಸಿತು. ಆಮೇಲೆ ಅವರು ತಮ್ಮ ಹೆಂಡತಿಯ ಹೆಸರನ್ನು ಶ್ರೀಮತಿ ಸೇರಿಸಿ ಹೇಳಿದರು. ಅವರ ಹೆಂಡತಿ ಸೆರಗು ಸರಿಮಾಡಿಕೊಂಡು ನೇರ ಕೂತರು.

ಕೊನೆಗೆ ಸುಮ್ಮನೆ ನಿಂತರು. ಈ ಸಲದ ನಿಲುಗಡೆ ದೊಡ್ಡದಾಯಿತು. ಫಿಸಿಯೋ ಅರ್ಧ ಎದ್ದಳು.

"ಆಸ್ಪತ್ರೆಯಲ್ಲಿ... ನನ್ನ ಕೈ ಹಿಡಿದು ಕೂತಿದ್ದ, ನೀಲಿ ಚಪ್ಪಲಿಯ... ಎಡಗಾಲಿನ ಪಟ್ಟಿಯನ್ನು ಕಪ್ಪು ದಾರದಲ್ಲಿ ಹೊಲಿದುಕೊಂಡಿದ್ದ... ಅವರಿಗೆ" ಎಂದರು. "ಹೆಸರು ಕೇಳದ್ದಕ್ಕೆ ಕ್ಷಮೆ ಇರಲಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾಕೆಂದರೆ ಇದು ಏನೆಂದು ಯಾರಿಗೂ ತಿಳಿಯಲಿಲ್ಲ. ನಾನು ತಟ್ಟಿದೆ. ಪಕ್ಕದಲ್ಲಿ ಅವಳು ತಟ್ಟಿದಳು, ಕಣ್ಣು ಒರೆಸಿಕೊಳ್ಳುವ ಕೈ ಇಲ್ಲದೆ ಹಾಗೆಯೇ ತಟ್ಟುತ್ತಿದ್ದಳು. ಆಮೇಲೆ ಎಲ್ಲರೂ ತಟ್ಟಿದರು. ಊಟ ತಣ್ಣಗಾಗಿತ್ತು.

ಊಟದ ಸಾಲಿನಲ್ಲಿ ಅವರ ಹೆಂಡತಿಯನ್ನು ಅಭಿನಂದಿಸಲು ಹೋದೆ. "ಮೈಕಿನವನ ನಂತರ ನನ್ನ ಹೆಸರು" ಎಂದರು ಆಕೆ. "ಆಗಲಿ, ಬಂತಲ್ಲ." ಗಂಡನ ತಟ್ಟೆಗೆ ಅನ್ನ ಬಡಿಸಿದರು. ಅವರು ಥ್ಯಾಂಕ್ಸ್ ಹೇಳಲಿಲ್ಲ.

ಅದರ ಮರುವರ್ಷ ಅವರು ಗೋದಾಮಿನ ಕೆಲಸದಿಂದ ನಿವೃತ್ತರಾಗಿ ಊರಿಗೆ ಹೋದರು. ವಿಮಾನ ನಿಲ್ದಾಣಕ್ಕೆ ಬಿಡಲು ಹೋದಾಗ ಅವರು ಸಾಮಾನಿನ ಗಾಡಿ ತಳ್ಳಿದವನ ಹೆಸರು ಕೇಳಿಕೊಂಡರು. ಅವನ ಕಾಲನ್ನೂ ಒಮ್ಮೆ ನೋಡಿದರು. ಆ ಅಭ್ಯಾಸ ಹೋಗಲೇ ಇಲ್ಲ. ಅಲ್ಲಿಂದ ಆಗಾಗ ಫೋನ್ ಮಾಡುತ್ತಿದ್ದರು. ನಾನು ಹೇಗಿದ್ದೀರಿ ಎಂದರೆ ಈಗ ಸೊನ್ನೆಯಿಂದ ಹತ್ತರೊಳಗೆ ನಿಜವನ್ನೇ ಹೇಳುತ್ತಿದ್ದರು. ಮೂರು ಎನ್ನುವರು, ಒಮ್ಮೊಮ್ಮೆ ನಾಲ್ಕು. ಹೋದ ತಿಂಗಳು ಒಮ್ಮೆ ಏಳು ಎಂದರು. ನಾನು ಡಾಕ್ಟರನ್ನು ನೋಡಿ ಎಂದೆ. ನೋಡುತ್ತೇನೆ, ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದರು. ಅದಾಗಿ ಕೆಲವೇ ದಿನಕ್ಕೆ ಹೃದಯ ನಿಂತಿತು.

ಕೂಟದವರು ಶ್ರದ್ಧಾಂಜಲಿ ಸಭೆ ಇಟ್ಟರು. ಅದೇ ಸಭಾಂಗಣ. ಮಾತಾಡಿದವರೆಲ್ಲ ಅವರು ಎಷ್ಟು ದೀರ್ಘವಾಗಿ ಮಾತಾಡುತ್ತಿದ್ದರು ಎಂಬುದನ್ನು ದೀರ್ಘವಾಗಿ ಹೇಳಿದರು. ಫಿಸಿಯೋ ಬಂದು ನನ್ನ ಪಕ್ಕ ಕೂತಿದ್ದಳು. ಕೊನೆಗೆ ಎಲ್ಲರೂ ಎದ್ದು ಮೌನ ಆಚರಿಸಿದೆವು. ತಲೆ ಬಗ್ಗಿಸಿ ನಿಂತಾಗ ಕಾಣುವುದು ಮುಂದಿನ ಸಾಲಿನವರ ಕಾಲು. ನಾನು ಒಂದೊಂದಾಗಿ ಎಲ್ಲ ಚಪ್ಪಲಿ, ಬೂಟುಗಳನ್ನೂ ನೋಡಿದೆ. ಕಪ್ಪು, ಕಂದು, ಒಂದು ಬಂಗಾರದ ಬಣ್ಣದ್ದು. ಪಕ್ಕದವಳೂ ಅದನ್ನೇ ಮಾಡುತ್ತಿದ್ದಳು ಎಂದು ಅವಳ ಕತ್ತು ತಿರುಗಿದ್ದರಿಂದ ಗೊತ್ತಾಯಿತು.

ಮೌನ ಮುಗಿಯಿತು. ಎಲ್ಲರೂ ಕೂತೆವು. ಶ್ರದ್ಧಾಂಜಲಿ ಸಭೆಗೆ ವಂದನಾರ್ಪಣೆ ಇರುವುದಿಲ್ಲ, ಅದು ಪದ್ಧತಿ. ಹೊರಗೆ ಚಹಾ ಇಟ್ಟಿದ್ದರು. ಕಾರ್ಯದರ್ಶಿ ಅಧ್ಯಕ್ಷರನ್ನು ನೋಡಿದರು, ಅಧ್ಯಕ್ಷರು ಮೈಕ್ ನೋಡಿದರು. ಯಾರೂ ಏಳಲಿಲ್ಲ. ಇಷ್ಟು ವರ್ಷ ನಮ್ಮನ್ನು ಕುರ್ಚಿಯಿಂದ ಎಬ್ಬಿಸುತ್ತಿದ್ದದ್ದು ಅವರ ಸರದಿ ಬಂತು ಎಂಬ ಒಂದು ಮಾತು, ಅದನ್ನು ಅವತ್ತು ಯಾರೂ ಹೇಳಿರಲಿಲ್ಲ.

"ಸರ್" ಎಂದಳು ಪಕ್ಕದವಳು, "ಯಾರಾದ್ರೂ ಎಂತಾದ್ರೂ ಹೇಳ್ಬೇಕಲ್ಲ."

ನಾನು ಎದ್ದೆ. ಯಾಕೆ ಎದ್ದೆ ಎಂದು ನನ್ನ ಹೆಂಡತಿ ಇನ್ನೂ ಕೇಳುತ್ತಿದ್ದಾಳೆ. ಮೆಟ್ಟಿಲು ಹತ್ತಿ ಮೈಕಿನ ಮುಂದೆ ಹೋಗಿ ನಿಂತೆ. ನನಗೆ ಯಾರ ಹೆಸರೂ ನೆನಪಿರಲಿಲ್ಲ, ಅಧ್ಯಕ್ಷರದ್ದೂ ಇರಲಿಲ್ಲ. ಒಂದೇ ಹೆಸರು ಗೊತ್ತಿತ್ತು. ಅವರ ಊರು, ಅವರ ತಂದೆಯ ಹೆಸರು, ಅವರ ಹೆಸರು, ಮನೆತನ ಎಲ್ಲ ಸೇರಿಸಿ ಪೂರ್ತಿ ಹೇಳಿ, "ಅವರಿಗೆ ಧನ್ಯವಾದಗಳು" ಎಂದೆ. ಮುಂದೆ ಇನ್ನೂ ಏನೋ ಹೇಳಬೇಕೆಂದಿದ್ದೆ. ಉಸಿರು ಸಾಲಲಿಲ್ಲ. ಮೂಗಿನಿಂದ ಎಳೆದುಕೊಳ್ಳಲು ನಿಂತೆ.

ಶ್ರದ್ಧಾಂಜಲಿ ಸಭೆಯಲ್ಲಿ ಚಪ್ಪಾಳೆ ತಟ್ಟಬಾರದು. ನಮ್ಮವರು ತಟ್ಟಿದರು, ನಾನು ಉಸಿರು ಬಿಟ್ಟು ಮುಗಿಸುವವರೆಗೂ ತಟ್ಟಿದರು. ಆಮೇಲೆ ಎಲ್ಲರೂ ಚಹಾಕ್ಕೆ ಎದ್ದರು.